ಆಕಾರವೂ ಆಯ್ಕೆಯೂ

ಹೊಗೆಸೊಪ್ಪಿನ ಪೈಪನ್ನು ಕುರಿತು ಸಾಹಿತ್ಯಪುಟದಲ್ಲಿ ಸಂಪಾದಕೀಯವೆಂದರೆ ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಕಾವ್ಯ, ಕಾದಂಬರಿ, ವಿಮರ್ಶೆಗಳನ್ನೆಲ್ಲ ಬದಿಗಿಟ್ಟು ಮರದ ಒಂದು ಬಟ್ಟಲನ್ನೂ ಅದಕ್ಕೆ ಸಿಕ್ಕಿಸಿದ ಒಂದು ಕೊಳವೆಯನ್ನೂ ಹಿಡಿದು ಕೂರುವಷ್ಟು ವಿಷಯಗಳ ಬರಗಾಲ ಬಂದಿತೆ ಎಂದು ಅವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಮನುಷ್ಯನ ಸ್ವಭಾವವು ದೊಡ್ಡ ಕಾರ್ಯಗಳಲ್ಲಿ ಮಾತ್ರವೇ ಪ್ರಕಟವಾಗುವುದಿಲ್ಲ. ದಿನವೂ ಕೈಯಲ್ಲಿ ಹಿಡಿಯುವ ಸಣ್ಣ ವಸ್ತುಗಳಿಗೆ ಅವನು ಯಾವ ಆಕಾರ ಕೊಟ್ಟನು, ಹಲವು ಆಕಾರಗಳಲ್ಲಿ ಒಂದನ್ನು ಏತಕ್ಕಾಗಿ ಆರಿಸಿಕೊಂಡನು ಎಂಬುದರಲ್ಲಿಯೂ ಅದು ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ. 'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂದು ನಮ್ಮಲ್ಲಿ ಗಾದೆಯುಂಟು. ಪೈಪು ಈ ಎರಡರ ನಡುವೆ ನಿಂತ ವಸ್ತು. ಸೇದುವವನ ನಾಲಗೆಗೆ ಅದು ಊಟ, ಎದುರಿಗೆ ಕುಳಿತವನ ಕಣ್ಣಿಗೆ ಅದು ನೋಟ. ಯಾವ ಪೈಪನ್ನು ಆರಿಸಬೇಕು ಎಂಬ ಪ್ರಶ್ನೆ ಹೊರನೋಟಕ್ಕೆ ಕಾಣುವಷ್ಟು ಹಗುರವಲ್ಲ.

ಮೊದಲು ಮಾತನ್ನೇ ನೋಡೋಣ. ಹಿಂದಿಯವರು ಹೊಗೆಸೊಪ್ಪನ್ನು 'ಕುಡಿಯುತ್ತಾರೆ', ಬಂಗಾಳಿಗಳು 'ತಿನ್ನುತ್ತಾರೆ', ತಮಿಳರು ಹೊಗೆಯನ್ನು 'ಹಿಡಿಯುತ್ತಾರೆ'. ಹದಿನೇಳನೆಯ ಶತಮಾನದ ಇಂಗ್ಲಿಷರೂ 'ಕುಡಿಯುತ್ತೇವೆ' ಎಂದೇ ಹೇಳುತ್ತಿದ್ದರು. ಸಂಸ್ಕೃತದ 'ಧೂಮಪಾನ'ದಲ್ಲಿಯೂ ಇರುವುದು ಪಾನವೇ. ಕನ್ನಡಿಗರು ಮಾತ್ರ 'ಸೇದು' ಎಂದರು. ಬಾವಿಯಿಂದ ನೀರು ಸೇದುವುದಕ್ಕೂ ಬೀಡಿ ಸೇದುವುದಕ್ಕೂ ನಮ್ಮಲ್ಲಿ ಒಂದೇ ಕ್ರಿಯಾಪದ. ಇದು ಸಾಲದೆಂಬಂತೆ, ನೆಲದಿಂದ ಉಕ್ಕುವ ಊಟೆಗೂ ಹೊಗೆ ಸೇದುವ ಮಣ್ಣಿನ ಬಟ್ಟಲಿಗೂ 'ಚಿಲುಮೆ' ಎಂಬ ಒಂದೇ ಹೆಸರು. ಮೊದಲನೆಯದು ನಮ್ಮ ನೆಲದ ಮಾತು, ಎರಡನೆಯದು ಪಾರಸಿಯ 'ಚಿಲಮ್' ಕನ್ನಡಕ್ಕೆ ಬಂದು ತಳೆದ ರೂಪ. ಬೇರೆಬೇರೆ ಕುಲದ ಎರಡು ಮಾತುಗಳು ಒಂದೇ ವೇಷ ತೊಟ್ಟು ನಿಂತದ್ದು ಆಕಸ್ಮಿಕವಿರಬಹುದು. ಆದರೆ 'ಸೇದು' ಎಂಬ ಮಾತಿನಲ್ಲಿ ಅನುಭವದ ಒಂದು ನಿಜ ಅಡಗಿದೆ. ಸೇದುವುದೆಂದರೆ ದೂರದಲ್ಲಿರುವುದನ್ನು ಒಂದು ಸಾಧನದ ಮೂಲಕ ಹತ್ತಿರಕ್ಕೆ ಎಳೆದುಕೊಳ್ಳುವುದು. ಬೆಂಕಿಗೂ ತುಟಿಗೂ ನಡುವಿನ ದೂರವನ್ನು ಹೇಗೆ ಕ್ರಮಿಸಬೇಕು ಎಂಬುದೇ ಪೈಪಿನ ಆಕಾರಗಳ ಇತಿಹಾಸವೆಲ್ಲದರ ಮೂಲಸಮಸ್ಯೆ.

ಈ ಸಮಸ್ಯೆಯನ್ನು ನಮ್ಮ ದೇಶದ ವೈದ್ಯರು ಹೊಗೆಸೊಪ್ಪು ಇಲ್ಲಿಗೆ ಬರುವುದಕ್ಕೆ ಶತಮಾನಗಳ ಮುಂಚೆಯೇ ಯೋಚಿಸಿದ್ದರು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಔಷಧಿಯ ಹೊಗೆಯನ್ನು ಸೇದುವುದಕ್ಕೆ 'ಧೂಮನೇತ್ರ'ವೆಂಬ ಕೊಳವೆಯ ವರ್ಣನೆಯಿದೆ. ಅದು ನೆಟ್ಟಗಿರಬೇಕು, ಮೂರು ಗಂಟುಗಳಿರಬೇಕು, ತುದಿಯ ರಂಧ್ರ ಎಲಚಿಯ ಬೀಜದ ಪ್ರಮಾಣದ್ದಾಗಿರಬೇಕು. ಅದರ ಉದ್ದವು ಪ್ರಯೋಜನವನ್ನು ಅನುಸರಿಸಿ ೨೪, ೩೨, ೩೬ ಅಂಗುಲ. ಅಂಗುಲವಾದರೂ ಸೇದುವವನ ಕೈಬೆರಳಿನ ಅಳತೆಯದು. ದೂರದಿಂದ ಬಂದು, ಗಂಟುಗಂಟಿನಲ್ಲಿ ತಡೆದು, ಕೊಳವೆಯಲ್ಲಿ ತೆಳುವಾದ ಹೊಗೆಯು ಇಂದ್ರಿಯಗಳನ್ನು ಬಾಧಿಸುವುದಿಲ್ಲವೆಂದು ಅದಕ್ಕೆ ಕಾರಣವನ್ನೂ ಕೊಟ್ಟಿದೆ. ಅಕಾಲದಲ್ಲಿ ಅಥವಾ ಮಿತಿಮೀರಿ ಸೇದಿದರೆ ಕಿವುಡು, ಕುರುಡು, ಮೂಕತನ, ರಕ್ತಪಿತ್ತ, ತಲೆಸುತ್ತು ಇವು ಬರುತ್ತವೆಂಬ ಎಚ್ಚರಿಕೆಯೂ ಅಲ್ಲಿಯೇ ಇದೆ. ಇಲ್ಲಿ ಅಲಂಕಾರದ ಮಾತಿಲ್ಲ. ಉದ್ದವೇಕೆ, ಗಂಟೇಕೆ, ರಂಧ್ರ ಇಷ್ಟೇಕೆ ಎಂದು ಕೇಳಿದರೆ ಪ್ರತಿಯೊಂದಕ್ಕೂ ಉತ್ತರವಿದೆ. ಆಕಾರವು ಅಗತ್ಯದ ಮಗುವಾಗಿ ಹುಟ್ಟಿದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ.

ಅಗತ್ಯದಿಂದ ಆಡಂಬರಕ್ಕೆ ಹೋಗುವ ದಾರಿ ಬಹಳ ಉದ್ದವೇನೂ ಅಲ್ಲ. ಆ ದಾರಿಯ ಒಂದು ಪ್ರಸಿದ್ಧವಾದ ಪಯಣ ನಮ್ಮ ವಿಜಾಪುರದಿಂದಲೇ ಆರಂಭವಾಯಿತು. ಎರಡನೆಯ ಇಬ್ರಾಹಿಂ ಆದಿಲಶಾಹನ ಆಸ್ಥಾನಕ್ಕೆ ಅಕ್ಬರನ ದೂತನಾಗಿ ಬಂದಿದ್ದ ಅಸದ್ ಬೇಗನು ಇಲ್ಲಿ ಹೊಗೆಸೊಪ್ಪನ್ನು ಕಂಡನು. ಮೊಗಲರ ಸೀಮೆಯಲ್ಲಿ ಅಂಥದನ್ನು ತಾನು ಕಂಡಿರಲಿಲ್ಲವೆಂದು ತನ್ನ ವೃತ್ತಾಂತದಲ್ಲಿ ಬರೆದನು. ಅರಸನಿಗೆ ಬರಿಯ ಎಲೆಯನ್ನು ಒಯ್ಯುವುದುಂಟೆ? ಸುಮಾತ್ರದ ಅಚೆಯಿಂದ ಬಂದ ಮೂರು ಮೊಳದ ಕೊಳವೆ, ಅದರ ಎರಡು ತುದಿಗಳಿಗೂ ರತ್ನ ಮತ್ತು ಮೀನಾಕಾರಿಯ ಕೆಲಸ, ಬಾಯಿಗಿಡುವ ತುದಿಗೆ ಯೆಮನ್ ದೇಶದ ಅಕೀಕ, ಬೆಂಕಿಗೆ ಚಿನ್ನದ ಪಾತ್ರೆ, ಕೊಳವೆಯನ್ನು ಇಡಲು ಮಖಮಲ್ಲು ಹೊದಿಸಿದ ಬೆಳ್ಳಿಯ ನಳಿಗೆ, ಆದಿಲಶಾಹನೇ ಕೊಟ್ಟಿದ್ದ ವೀಳೆಯದ ಚೀಲದಲ್ಲಿ ಹೊಗೆಸೊಪ್ಪು, ಇವೆಲ್ಲವನ್ನೂ ಬೆಳ್ಳಿಯ ತಟ್ಟೆಯಲ್ಲಿಟ್ಟು ಆಗ್ರದಲ್ಲಿ ಕಾಣಿಕೆ ಒಪ್ಪಿಸಿದನು. ೧೬೦೫ರಲ್ಲಿ ಅಕ್ಬರನು ತೀರಿಕೊಳ್ಳುವುದಕ್ಕೆ ಸ್ವಲ್ಪವೇ ಮುಂಚಿನ ಮಾತು ಇದು.

ಅಲ್ಲಿ ನಡೆದ ವಾದವು ಇಂದಿಗೂ ಓದತಕ್ಕದ್ದು. ಆಸ್ಥಾನದ ವೈದ್ಯನು ತಡೆದನು. ಈ ಔಷಧಿ ಪರೀಕ್ಷೆಯಾಗಿಲ್ಲ, ನಮ್ಮ ಗ್ರಂಥಗಳಲ್ಲಿ ಇದರ ಮಾತೇ ಇಲ್ಲ, ಪರಂಗಿಯವರು ಮಾಡಿದರೆಂದು ನಾವು ಮಾಡಬೇಕಾಗಿಲ್ಲ ಎಂದನು. ಲೋಕದ ಪ್ರತಿಯೊಂದು ರೂಢಿಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತು, ಹೊಸದೆಂಬ ಕಾರಣಕ್ಕೆ ಬಿಡುವುದು ಜಾಣತನವಲ್ಲ ಎಂದು ಅಸದ್ ಬೇಗನು ಉತ್ತರಿಸಿದನು. ಚಕ್ರವರ್ತಿಯು ತಂದವನ ಮನಸ್ಸನ್ನು ನೋಯಿಸಬಾರದೆಂದು ಎರಡು ಮೂರು ದಮ್ಮು ಸೇದಿದನು. ವಾದವನ್ನು ಕೇಳಿ ಮೆಚ್ಚಿದನು. ಆದರೆ ಆ ಅಭ್ಯಾಸವನ್ನು ಹಿಡಿಯಲಿಲ್ಲ. ಸರದಾರರು ಹಿಡಿದರು, ವರ್ತಕರು ಮಾರಿದರು, ಹೊಗೆ ಹಬ್ಬಿತು. ೧೬೧೭ರಲ್ಲಿ ಜಹಾಂಗೀರನು ನಿಷೇಧದ ಆಜ್ಞೆ ಹೊರಡಿಸಿದನಾದರೂ ಹಬ್ಬಿದ ಹೊಗೆ ಮತ್ತೆ ಕೊಳವೆಯನ್ನು ಸೇರಲಿಲ್ಲ. ವಾದದಲ್ಲಿ ಅಸದ್ ಬೇಗನು ಗೆದ್ದನು; ಸತ್ಯವಿದ್ದದ್ದು ವೈದ್ಯನ ಪಕ್ಷದಲ್ಲಿ. ತರ್ಕದ ಚೆಲುವಿಗೂ ಕೊಳವೆಯ ಚೆಲುವಿಗೂ ಒಟ್ಟಿಗೆ ಮರುಳಾಗುವುದು ಆಸ್ಥಾನಗಳಿಗೆ ಮಾತ್ರ ಅಂಟಿದ ದೋಷವಲ್ಲ.

ಆಮೇಲೆ ಬಂದ ಹುಕ್ಕಾದಲ್ಲಿ ಹೊಗೆಯನ್ನು ತಣಿಸುವ ಕೆಲಸಕ್ಕೆ ನೀರು ಬಂದಿತು. ನಮ್ಮ ಜನ ಅದರ ಸದ್ದನ್ನು ಕೇಳಿ 'ಗುಡುಗುಡಿ' ಎಂದರು. ಬೀದರಿನ ಕುಶಲಿಗಳು ಅದರ ನೀರಿನ ಬುರುಡೆಯನ್ನು ಸತುವಿನ ಮಿಶ್ರಲೋಹದಲ್ಲಿ ಎರಕಹೊಯ್ದು, ಬೆಳ್ಳಿಯ ಎಳೆಗಳನ್ನು ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪಾಗಿಸಿ, ಕಾರಿರುಳಲ್ಲಿ ಬೆಳದಿಂಗಳು ಚೆಲ್ಲಿದಂತೆ ಮಾಡಿದರು. ಮೊದಲಿನ ಬುರುಡೆಗಳು ಉರುಟಾಗಿದ್ದವು. ಅವು ನಿಲ್ಲಬೇಕಾದರೆ ಕೆಳಗೆ ಸಿಂಬಿಯಂಥ ಬಳೆ ಬೇಕಾಗುತ್ತಿತ್ತು. ಹದಿನೆಂಟನೆಯ ಶತಮಾನ ನಡೆಯುತ್ತಿದ್ದಂತೆ ತಳ ಅಗಲವಾದ ಗಂಟೆಯ ಆಕಾರ ಬಂದಿತು. ಅದು ತಾನಾಗಿಯೇ ನಿಲ್ಲುತ್ತದೆ, ಉರುಳುವುದಿಲ್ಲ. ಇಂದು ಲಂಡನ್, ನ್ಯೂಯಾರ್ಕ್ ನಗರಗಳ ವಸ್ತುಸಂಗ್ರಹಾಲಯಗಳಲ್ಲಿ ಎರಡೂ ಬಗೆಯ ಬುರುಡೆಗಳು ಇವೆ. ಅವುಗಳಲ್ಲಿ ನೀರಿಲ್ಲ, ಮೇಲೆ ಬೆಂಕಿಯಿಲ್ಲ. ಆದರೂ ನೋಡುವವರು ನಿಂತು ನೋಡುತ್ತಾರೆ.

ಯುರೋಪಿನಲ್ಲಿ ಕಥೆ ಮಣ್ಣಿನಿಂದ ಆರಂಭವಾಗುತ್ತದೆ. ಹದಿನಾರನೆಯ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ಬಿಳಿಯ ಜೇಡಿಮಣ್ಣಿನ ಪೈಪುಗಳು ಬಳಕೆಗೆ ಬಂದವು. ಮುಂದೆ ಲಂಡನ್, ಬ್ರಿಸ್ಟಲ್, ಬ್ರೋಸ್ಲಿ, ಹಾಲೆಂಡಿನಲ್ಲಿ ನಮ್ಮ ಕಿವಿಗೆ ಬಹಳ ಪರಿಚಿತವೆನಿಸುವ ಗೌಡ ಎಂಬ ಪಟ್ಟಣ, ಇವು ಆ ಕಸುಬಿಗೆ ಹೆಸರಾದವು. ಎರಡು ಹೋಳಿನ ಅಚ್ಚಿನಲ್ಲಿ ಮಣ್ಣನ್ನು ಒತ್ತಿ, ಕೊಳವೆಯ ಉದ್ದಕ್ಕೂ ತಂತಿಯನ್ನು ತೂರಿಸಿ, ಸುಟ್ಟರೆ ಪೈಪು ಸಿದ್ಧ. ಮೊದಮೊದಲಿನ ಬಟ್ಟಲು ಬೆರಳ ತುದಿಯೂ ಕಷ್ಟದಿಂದ ಹಿಡಿಸುವಷ್ಟು ಚಿಕ್ಕದು. ಏಕೆಂದರೆ ಹೊಗೆಸೊಪ್ಪು ಆಗ ಬಹಳ ದುಬಾರಿ. ಬೆಲೆ ಇಳಿದಂತೆ ಬಟ್ಟಲು ಬೆಳೆಯಿತು. ಹೊಗೆ ತಣ್ಣಗಾಗಲೆಂದು ಕೊಳವೆ ನೀಳವಾಯಿತು. ಕೊಳವೆ ನೀಳವಾದಂತೆ ಅದರೊಳಗಿನ ರಂಧ್ರ ಕಿರಿದಾಯಿತು. ಮಣ್ಣಿನ ಪೈಪು ಅಗ್ಗ, ಬೇಗ ಮುರಿಯುವಂಥದು. ಮುರಿದ ತುಂಡುಗಳನ್ನು ಜನ ಕಂಡಕಂಡಲ್ಲಿ ಎಸೆದರು. ಅಮೆರಿಕದ ವರ್ಜೀನಿಯದಲ್ಲಿ ಹಳೆಯ ವಸಾಹತುಗಳನ್ನು ಅಗೆಯುತ್ತಿದ್ದ ಹ್ಯಾರಿಂಗ್ಟನ್ ಎಂಬ ಪುರಾತತ್ವಜ್ಞನು ಈ ತುಂಡುಗಳ ರಂಧ್ರಗಳನ್ನು ಸಾಮಾನ್ಯ ಬೈರಿಗೆಯ ಅಲಗುಗಳಿಂದಲೇ ಅಳೆದು ೧೯೫೪ರಲ್ಲಿ ಒಂದು ಲೇಖನ ಬರೆದನು. ಹದಿನೇಳನೆಯ ಶತಮಾನದ ಮೊದಲಲ್ಲಿ ಅಂಗುಲದ ೬೪ರಲ್ಲಿ ೯ ಭಾಗವಿದ್ದ ರಂಧ್ರವು ಹದಿನೆಂಟನೆಯ ಶತಮಾನದ ಕೊನೆಗೆ ೪ ಭಾಗಕ್ಕೆ ಇಳಿದಿತ್ತು. ಅರಸರ ಶಾಸನಗಳಿಲ್ಲದ ಕಡೆ ಬಡವರು ಎಸೆದ ಮಣ್ಣಿನ ಚೂರುಗಳೇ ಕಾಲವನ್ನು ಹೇಳುವ ಶಾಸನಗಳಾದವು.

ಅದೇ ಅಗೆತಗಳಲ್ಲಿ ಇನ್ನೊಂದು ಸಾಕ್ಷಿಯೂ ದೊರೆಯಿತು. ಆ ಕಾಲದ ಗೋರಿಗಳಲ್ಲಿ ಸಿಕ್ಕಿದ ಕೆಲವು ಹಲ್ಲಿನ ಸಾಲುಗಳಲ್ಲಿ, ಮೇಲಿನ ಮತ್ತು ಕೆಳಗಿನ ಹಲ್ಲುಗಳು ಸೇರುವೆಡೆ ದುಂಡಗಿನ ಒಂದು ಕಂಡಿ ಸವೆದಿರುತ್ತದೆ. ಮಣ್ಣಿನ ಕೊಳವೆಯನ್ನು ವರುಷಗಟ್ಟಲೆ ಕಚ್ಚಿ ಹಿಡಿದ ಗುರುತು ಅದು. ಮನುಷ್ಯನು ಪೈಪಿಗೆ ಆಕಾರ ಕೊಟ್ಟನೆಂದು ನಾವು ತಿಳಿದಿದ್ದೇವೆ. ಪೈಪೂ ಮನುಷ್ಯನಿಗೆ ಆಕಾರ ಕೊಟ್ಟಿತೆಂದು ಈ ಹಲ್ಲುಗಳು ಹೇಳುತ್ತವೆ. ಆರಿಸಿದ ವಸ್ತುವು ಆರಿಸಿದವನನ್ನು ತಿದ್ದುತ್ತ ಹೋಗುತ್ತದೆ ಎಂಬ ಮಾತು ಇಲ್ಲಿ ರೂಪಕವಲ್ಲ.

ಮಣ್ಣಿನ ಬಳಿಕ ಕಲ್ಲು, ಕಲ್ಲಿನ ಬಳಿಕ ಮರ. ತುರ್ಕಿಯ ಎಸ್ಕಿಶೆಹಿರ್ ಬಳಿ ಸಿಕ್ಕುವ ಮೀರ್‌ಶಾಮ್ ಎಂಬ ಹಗುರವಾದ ಬಿಳಿಯ ಖನಿಜಕ್ಕೆ ಜರ್ಮನರು ಇಟ್ಟ ಹೆಸರಿನ ಅರ್ಥ 'ಕಡಲ ನೊರೆ'. ಒದ್ದೆಯಾಗಿರುವಾಗ ಅದು ಮೃದು, ಕೊರೆಯುವವನ ಉಳಿಗೆ ಸುಲಭವಾಗಿ ಒಲಿಯುತ್ತದೆ. ವಿಯೆನ್ನದ ಶಿಲ್ಪಿಗಳು ಅದರಲ್ಲಿ ತಲೆಗಳನ್ನೂ ಬೇಟೆಯ ದೃಶ್ಯಗಳನ್ನೂ ಕಡೆದರು. ಜೇನುಮೇಣದಲ್ಲಿ ಅದ್ದಿದ ಆ ಬಿಳಿಯ ಬಟ್ಟಲು ಸೇದಿದಂತೆಲ್ಲ ಹೊನ್ನಿನ ಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗುತ್ತದೆ. ಆದರೆ ಅದು ಕೆಳಗೆ ಬಿದ್ದರೆ ಒಡೆಯುತ್ತದೆ, ಬೆಲೆಯೂ ಹೆಚ್ಚು. ೧೮೫೦ರ ದಶಕದಲ್ಲಿ ಫ್ರಾನ್ಸಿನ ಜುರಾ ಬೆಟ್ಟಗಳ ಸೇಂಟ್ ಕ್ಲೋಡ್ ಎಂಬ ಊರಿನಲ್ಲಿ ಬ್ರಯರ್ ಪೈಪಿನ ಉದ್ಯಮ ಬೆಳೆಯತೊಡಗಿತು. ಯಾತ್ರಿಕರಿಗೆ ಜಪಮಣಿಗಳನ್ನು ಕಡೆಯುತ್ತಿದ್ದ ಬಡಗಿಗಳೇ ಪೈಪಿನ ಬಟ್ಟಲುಗಳನ್ನು ಕಡೆದರು. ಬ್ರಯರ್ ಎಂಬುದು ಮೆಡಿಟರೇನಿಯನ್ ತೀರದ ಒಂದು ಪೊದೆಗಿಡ. ಅದರ ಕಾಂಡಕ್ಕೂ ಬೇರಿಗೂ ನಡುವೆ ಬೆಳೆಯುವ ಗಂಟನ್ನು ಅಗೆದು ತೆಗೆದು, ಹೋಳುಮಾಡಿ, ಗಂಟೆಗಟ್ಟಲೆ ನೀರಿನಲ್ಲಿ ಕುದಿಸಿ ರಸವನ್ನೆಲ್ಲ ಇಳಿಸಿ, ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸುತ್ತಾರೆ. ಬರಡು ನೆಲದಲ್ಲಿ ಬೇಸಗೆಯ ಬರವನ್ನೂ ಕಾಡುಗಿಚ್ಚನ್ನೂ ತಾಳಿ ಬೆಳೆದ ಗಂಟಾದುದರಿಂದ ಕೆಂಡವನ್ನು ಹೊಟ್ಟೆಯಲ್ಲಿಟ್ಟುಕೊಂಡರೂ ಅದು ಬೇಗನೆ ಸುಡುವುದಿಲ್ಲ. ಅತ್ತ ಅಮೆರಿಕದ ಮಿಸೂರಿಯಲ್ಲಿ ೧೮೬೯ರಲ್ಲಿ ಮರಗೆಲಸದ ಹೆನ್ರಿ ಟಿಬ್ಬಿ ಮುಸುಕಿನ ಜೋಳದ ದಿಂಡನ್ನು ಕೊರೆದು ಪೈಪು ಮಾಡಿದನು. ತಿಂದು ಎಸೆಯುವ ದಿಂಡಿಗೂ ಒಂದು ಕಂಪೆನಿ ಕಟ್ಟುವಷ್ಟು ಬೆಲೆ ಬಂದಿತು.

ಈಗ ಆಕಾರಗಳಿಗೆ ಬರೋಣ. ಪೈಪಿನ ಅಂಗಡಿಯ ಹೆಸರುಗಳನ್ನು ಕೇಳಿದರೆ ಪಾತ್ರಗಳ ಪಟ್ಟಿಯನ್ನು ಓದಿದಂತಾಗುತ್ತದೆ: ಬಿಲಿಯರ್ಡ್, ಆಪಲ್, ಡಬ್ಲಿನ್, ಬುಲ್‌ಡಾಗ್, ಪಾಟ್, ಪೋಕರ್, ಕೆನೇಡಿಯನ್, ಚರ್ಚ್‌ವಾರ್ಡನ್. ಬಿಲಿಯರ್ಡ್ ಎಲ್ಲಕ್ಕಿಂತ ಸಾದಾ. ನೆಟ್ಟಗಿನ ಬಟ್ಟಲು, ನೆಟ್ಟಗಿನ ಕೊಳವೆ, ಎರಡೂ ಕೂಡುವಲ್ಲಿ ಗೋಡೆ ನೆಲ ಕೂಡಿದಂಥ ಮೂಲೆ. ಆಪಲ್ ಎಂಬುದರ ಬಟ್ಟಲು ಹೆಸರಿಗೆ ತಕ್ಕಂತೆ ಸೇಬಿನ ಹಾಗೆ ಉರುಟು. ಅದರ ಗೋಡೆ ದಪ್ಪವಾದುದರಿಂದ ಕೈಗೆ ಬಿಸಿ ತಾಗುವುದು ಕಡಿಮೆ. ಡಬ್ಲಿನ್ನಿನ ಬಟ್ಟಲು ಕೆಳಕ್ಕೆ ಹೋದಂತೆ ಲಾಳಿಕೆಯ ಹಾಗೆ ಕಿರಿದಾಗುತ್ತದೆ. ಪೋಕರಿನ ತಳ ಸಪಾಟಾಗಿರುವುದರಿಂದ ಅದನ್ನು ಮೇಜಿನ ಮೇಲೆ ಲೋಟದಂತೆ ನಿಲ್ಲಿಸಬಹುದು. ಬರೆಯುತ್ತ ಸೇದುವವನಿಗೆ ಅದು ಒಗ್ಗುತ್ತದೆ. ಚರ್ಚ್‌ವಾರ್ಡನ್ನಿನ ನೀಳವಾದ ಕೊಳವೆ ಹೊಗೆಯನ್ನು ತಣಿಸಿ ಕಣ್ಣಿನಿಂದ ದೂರವಿಡುತ್ತದೆ. ಆದರೆ ಅದನ್ನು ಹಿಡಿದು ನಡೆದಾಡುವಂತಿಲ್ಲ, ಕುರ್ಚಿಯಲ್ಲಿ ಒರಗಿ ಕೂತವನಿಗೆ ಮಾತ್ರ ಅದು ಸಲ್ಲುತ್ತದೆ. ಬಾಗಿದ ಪೈಪಿನ ಭಾರ ಗಲ್ಲದ ಹತ್ತಿರ ತೂಗುವುದರಿಂದ ಹಲ್ಲಿಗೆ ಶ್ರಮ ಕಡಿಮೆ. ಆದರೆ ಬಾಗಿನಲ್ಲಿ ತೇವ ಸೇರಿ ಗೊರಗೊರ ಸದ್ದಾಗುತ್ತದೆ. ಡಬ್ಲಿನ್ ನಗರದ ಪೀಟರ್‌ಸನ್ ೧೮೯೦ರಲ್ಲಿ ಹಕ್ಕುಪತ್ರ ಪಡೆದ ಪೈಪಿನಲ್ಲಿ ಆ ತೇವ ಇಳಿದು ನಿಲ್ಲಲೆಂದು ಸಣ್ಣದೊಂದು ಗುಂಡಿಯನ್ನು ಕೊರೆದಿದ್ದನು. ನೆಟ್ಟಗಿನ ಪೈಪನ್ನು ಶುಚಿಮಾಡುವುದು ಸುಲಭ. ದಕ್ಷಿಣ ಆಫ್ರಿಕದ ಕ್ಯಾಲಬ್ಯಾಶ್ ಸೋರೆಯ ಜಾತಿಯ ಕಾಯಿ. ಬಳ್ಳಿಯಲ್ಲಿರುವಾಗಲೇ ಅದರ ಕತ್ತನ್ನು ಬಾಗಿಸಿ ಬೆಳೆಸಿ, ಒಣಗಿಸಿ, ಮೇಲೆ ಮೀರ್‌ಶಾಮಿನ ಬಟ್ಟಲನ್ನು ಕೂರಿಸುತ್ತಾರೆ. ಒಳಗಿನ ಟೊಳ್ಳಿನಲ್ಲಿ ಹೊಗೆ ಸುಳಿದು ತಣಿಯುತ್ತದೆ. ಹೀಗೆ, ಕೈ ಎಷ್ಟು ದೊಡ್ಡದು, ಹಲ್ಲು ಎಷ್ಟು ಗಟ್ಟಿ, ಕೂತು ಸೇದುವವನೋ ನಡೆಯುತ್ತ ಸೇದುವವನೋ, ಬಿಡುವು ಕಾಲು ಗಂಟೆಯದೋ ಒಂದು ಗಂಟೆಯದೋ, ಇವಿಷ್ಟನ್ನು ಕೇಳಿದರೆ ಆಯ್ಕೆ ಬಹುಮಟ್ಟಿಗೆ ಮುಗಿಯಿತು. ಬಲ್ಲ ಅಂಗಡಿಯವನು ಹೆಚ್ಚೇನೂ ಕೇಳುವುದಿಲ್ಲ.

ಆದರೆ ಮನುಷ್ಯನು ಅಷ್ಟಕ್ಕೆ ನಿಲ್ಲುವುದಿಲ್ಲವೆಂಬುದನ್ನು ಸಾಹಿತ್ಯ ಚೆನ್ನಾಗಿ ಬಲ್ಲುದು. ಕಾನನ್ ಡಾಯ್ಲನ ಷರ್ಲಾಕ್ ಹೋಮ್ಸನಲ್ಲಿ ಮಣ್ಣಿನ ಪೈಪೂ ಬ್ರಯರೂ ಚೆರಿಮರದ ಪೈಪೂ ಇದ್ದವು. ೧೮೯೨ರ ಒಂದು ಕಥೆಯಲ್ಲಿ, ಚಿಂತನೆಯ ಲಹರಿಗೆ ಮಣ್ಣಿನದು, ವಾದದ ಲಹರಿಗೆ ಚೆರಿಮರದ್ದು ಎಂದು ವ್ಯಾಟ್ಸನ್ ಗುರುತಿಸುತ್ತಾನೆ. ಪತ್ತೇದಾರನನ್ನೇ ಪತ್ತೆಹಚ್ಚುವ ಸುಳಿವು ಅವನ ಪೈಪು. ೧೮೯೩ರ ಇನ್ನೊಂದು ಕಥೆಯಲ್ಲಿ ಒಬ್ಬ ಅಪರಿಚಿತನು ಕೋಣೆಯಲ್ಲಿ ಮರೆತು ಹೋದ ಬ್ರಯರ್ ಪೈಪನ್ನು ಹಿಡಿದು ಹೋಮ್ಸ್ ಅವನ ಜಾತಕವನ್ನೇ ಓದುತ್ತಾನೆ. ಹೊಸದನ್ನು ಕೊಳ್ಳುವುದಕ್ಕಿಂತ ಹೆಚ್ಚು ಹಣ ಕೊಟ್ಟು ಎರಡು ಸಲ ಬೆಳ್ಳಿಯ ಕಟ್ಟು ಹಾಕಿಸಿದ್ದಾನೆ, ಆದ್ದರಿಂದ ಅದರ ಮೇಲೆ ಅವನಿಗೆ ಬಹಳ ಪ್ರೀತಿ. ಬಟ್ಟಲಿನ ಬಲಗಡೆ ಸುಟ್ಟಿದೆ, ಆದ್ದರಿಂದ ಅವನು ಎಡಗೈಯವನು. ತುದಿಯಲ್ಲಿ ಕಚ್ಚಿದ ಗುರುತಿದೆ, ಆದ್ದರಿಂದ ಹಲ್ಲು ಗಟ್ಟಿ. ಗೋರಿಯ ಹಲ್ಲಿನಲ್ಲಿ ಪುರಾತತ್ವಜ್ಞನು ಕೊಳವೆಯನ್ನು ಓದಿದನು. ಕೊಳವೆಯಲ್ಲಿ ಹೋಮ್ಸನು ಹಲ್ಲನ್ನು ಓದಿದನು. ವಿನೋದವೆಂದರೆ, ಲೋಕವು ಹೋಮ್ಸನ ಗುರುತೆಂದು ನಂಬಿರುವ ಬಾಗಿದ ಕ್ಯಾಲಬ್ಯಾಶ್ ಡಾಯ್ಲನ ಕಥೆಗಳಲ್ಲಿ ಎಲ್ಲಿಯೂ ಬರುವುದಿಲ್ಲ. ವಿಲಿಯಂ ಜಿಲೆಟ್ ಎಂಬ ನಟನು ೧೮೯೯ರಲ್ಲಿ ಹೋಮ್ಸನನ್ನು ರಂಗಕ್ಕೆ ತಂದಾಗ ಬಾಗಿದ ಪೈಪನ್ನು ಹಿಡಿದನು. ಮುಂದೆ ಚಿತ್ರಕಾರರೂ ಚಲಚ್ಚಿತ್ರದವರೂ ಅದನ್ನು ಇನ್ನಷ್ಟು ಬಾಗಿಸಿದರು. ಕಥೆಗಾರನು ಆರಿಸಿದ ಪೈಪು ಮರೆತುಹೋಯಿತು, ನೋಡುವವರು ಆರಿಸಿದ್ದೇ ಉಳಿಯಿತು. ನೋಟ ಪರರಿಚ್ಛೆಯೆಂಬುದು ಕಲ್ಪಿತ ಪಾತ್ರಕ್ಕೂ ತಪ್ಪಲಿಲ್ಲ.

ಚಿತ್ರಕಾರರಲ್ಲಿ ಇಬ್ಬರ ಮಾತನ್ನು ಇಲ್ಲಿ ಎತ್ತದಿರಲಾಗದು. ೧೮೮೮ರಲ್ಲಿ ಆರ್ಲ್ ಪಟ್ಟಣದಲ್ಲಿದ್ದಾಗ ವ್ಯಾನ್ ಗೋ ತನ್ನ ಹುಲ್ಲು ಹೆಣೆದ ಕುರ್ಚಿಯ ಚಿತ್ರ ಬರೆದನು. ಕುರ್ಚಿಯ ಮೇಲೆ ಮನುಷ್ಯನಿಲ್ಲ. ಒಂದು ಪೈಪು, ಹೊಗೆಸೊಪ್ಪಿನ ಪೊಟ್ಟಣ, ಇಷ್ಟೇ. ಗೆಳೆಯ ಗೊಗ್ಯಾನನ ಕುರ್ಚಿಯನ್ನು ಬರೆದಾಗ ಅದರ ಮೇಲೆ ಮೇಣದ ಬತ್ತಿಯನ್ನೂ ಪುಸ್ತಕಗಳನ್ನೂ ಇಟ್ಟನು. ತನ್ನ ಮುಖವನ್ನು ಎಷ್ಟೋ ಸಲ ಬರೆದ ಕಲಾವಿದನು ಇಲ್ಲಿ ಮುಖವಿಲ್ಲದೆ ತನ್ನನ್ನು ತೋರಿಸಿದನು. ಆ ಸಾದಾ ಪೈಪು ಯಾರನ್ನೂ ಮೆಚ್ಚಿಸಲು ಇಟ್ಟದ್ದಲ್ಲ. ಅದಕ್ಕೇ ಅದನ್ನು ನೋಡಿದರೆ ಮನಸ್ಸು ಕರಗುತ್ತದೆ. ನಲವತ್ತು ವರ್ಷಗಳ ಮೇಲೆ, ೧೯೨೯ರಲ್ಲಿ, ಬೆಲ್ಜಿಯಮ್ಮಿನ ಮಾಗ್ರಿಟ್ ಅಂಗಡಿಯ ಜಾಹೀರಾತಿನಲ್ಲಿರುವಂಥ ಅಚ್ಚುಕಟ್ಟಾದ ಪೈಪೊಂದನ್ನು ಬರೆದು, ಇದು ಪೈಪಲ್ಲವೆಂದು ಅದರ ಕೆಳಗೆ ಬರೆದನು. ನಿಜವೇ, ಅದರಲ್ಲಿ ಯಾರೂ ಹೊಗೆಸೊಪ್ಪು ತುಂಬಲಾರರು. ಆದರೆ ಆ ಮಾತು ಚಿತ್ರಕ್ಕೆ ಮಾತ್ರ ಸಲ್ಲುವುದೆಂದು ನಮಗೆ ತೋರುವುದಿಲ್ಲ. ಎಷ್ಟೋ ಜನರ ಕೈಯಲ್ಲಿದ್ದ ನಿಜವಾದ ಪೈಪೂ ಪೈಪಾಗಿರಲಿಲ್ಲ, ಅದು ಚಿತ್ರವಾಗಿತ್ತು. ಬ್ರಿಟನ್ನಿನ ಪ್ರಧಾನಿಯಾಗಿದ್ದ ಹೆರಾಲ್ಡ್ ವಿಲ್ಸನ್ ಜನರೆದುರಿಗೆ ಪೈಪನ್ನೂ ಏಕಾಂತದಲ್ಲಿ ಸಿಗಾರನ್ನೂ ಸೇದುತ್ತಿದ್ದನೆಂದು ಹೇಳುವುದುಂಟು. ಪೈಪು ಸಾಮಾನ್ಯನ, ನಿಧಾನಿಯ, ನಂಬಿಗಸ್ತನ ಗುರುತು. ಸಿಗಾರು ಧನಿಕನ ಗುರುತು. ಮತದಾರನ ಕಣ್ಣಿಗೆ ಯಾವುದು ಕಾಣಬೇಕೆಂಬುದನ್ನು ರಾಜಕಾರಣಿಗೆ ಯಾರೂ ಕಲಿಸಬೇಕಾಗಿಲ್ಲ.

ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ನಾವು ಹೇಳಬೇಕಾದ ಮಾತು ಇಲ್ಲಿಯೇ ಇದೆ. ಐನ್‌ಸ್ಟೈನನ ಪೈಪು ವಾಷಿಂಗ್ಟನ್ನಿನ ಅಮೆರಿಕನ್ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿದೆ. ಬರ್ಟ್ರಂಡ್ ರಸೆಲ್ ೧೯೪೮ರಲ್ಲಿ ನಾರ್ವೆಯ ಕಡಲಿಗೆ ಬಿದ್ದ ವಿಮಾನದಲ್ಲಿ ಧೂಮಪಾನಿಗಳಿಗೆಂದು ಮೀಸಲಾಗಿದ್ದ ಕಡೆ ಕುಳಿತಿದ್ದುದರಿಂದ ಬದುಕಿ ಬಂದನು; ಅದೇ ಅಪಘಾತದಲ್ಲಿ ೧೯ ಜನ ತೀರಿಕೊಂಡರು. ಇಂಥ ಕಥೆಗಳೂ ಛಾಯಾಚಿತ್ರಗಳೂ ಸೇರಿ ಪೈಪಿಗೂ ಪ್ರಜ್ಞೆಗೂ ಏನೋ ನಂಟಿದೆಯೆಂಬ ಭ್ರಾಂತಿಯನ್ನು ಹುಟ್ಟಿಸಿದವು. ಪೈಪಿನಲ್ಲಿ ಚಿಂತನೆಗೆ ಒದಗುವಂಥದು ಏನಾದರೂ ಇದ್ದರೆ ಅದು ನಿಧಾನ. ಸೊಪ್ಪನ್ನು ಪುಡಿಮಾಡಬೇಕು, ಹದವಾಗಿ ತುಂಬಬೇಕು, ಹೊತ್ತಿಸಬೇಕು, ಅದು ಆರಿದರೆ ಮತ್ತೆ ಹೊತ್ತಿಸಬೇಕು. ಪ್ರಶ್ನೆಗೆ ಉತ್ತರ ಹೊಳೆಯುವವರೆಗೆ ಕೈಗೆ ಒಂದು ಕೆಲಸ, ಮೌನಕ್ಕೆ ಒಂದು ಮರ್ಯಾದೆ. ಆದರೆ ನಿಧಾನವನ್ನು ಕಲಿಯಲು ಹೊಗೆಯೇ ಬೇಕೆ? ವೀಳೆಯ ಮಡಿಸುವ ಅಜ್ಜಿಯಲ್ಲಿಯೂ, ಲೆಕ್ಕಣಿಕೆಯನ್ನು ಒರೆಸಿ ಶಾಯಿಯಲ್ಲಿ ಅದ್ದುತ್ತಿದ್ದ ಹಿಂದಿನ ಬರಹಗಾರನಲ್ಲಿಯೂ ಆ ನಿಧಾನವಿತ್ತು. ವಿಚಾರವಂತನ ವಿಚಾರವನ್ನು ಪಡೆಯುವುದು ಕಷ್ಟ, ಅವನ ಪೈಪನ್ನು ಕೊಳ್ಳುವುದು ಸುಲಭ. ಸುಲಭವಾದದ್ದನ್ನು ಕೊಂಡು ಕಷ್ಟವಾದದ್ದು ಕೈಸೇರಿತೆಂದು ತಿಳಿಯುವ ತಪ್ಪು ಪೈಪಿಗೆ ಮಾತ್ರ ಸೀಮಿತವಲ್ಲ. ಗಡ್ಡಕ್ಕೂ ಜುಬ್ಬಕ್ಕೂ ಹೆಗಲ ಚೀಲಕ್ಕೂ ಅದು ಅಂಟಿದೆ.

ಇನ್ನು ಆರೋಗ್ಯದ ಮಾತು. ಸೌಜನ್ಯಕ್ಕಾಗಿ ಇದನ್ನು ನುಂಗುವಂತಿಲ್ಲ. ಪೈಪು ಸೇದುವವರಲ್ಲಿ ತುಟಿಯ ಏಡಿಗಂತಿ ಹೆಚ್ಚೆಂದು ಜರ್ಮನಿಯ ಸೋಮರಿಂಗ್ ಎಂಬ ವೈದ್ಯನು ೧೭೯೫ರಷ್ಟು ಹಿಂದೆಯೇ ಗಮನಿಸಿದ್ದನು. ಅಮೆರಿಕ ಸರಕಾರದ ಮುಖ್ಯ ವೈದ್ಯಾಧಿಕಾರಿಯ ೧೯೬೪ರ ವರದಿಯು ಪೈಪಿಗೂ ತುಟಿಯ ಕ್ಯಾನ್ಸರಿಗೂ ಕಾರ್ಯಕಾರಣಸಂಬಂಧ ಸಿದ್ಧವಾದಂತೆ ಕಾಣುತ್ತದೆಂದು ಹೇಳಿತು. ಎದೆಗೆ ಎಳೆದುಕೊಳ್ಳದೆ ಬಾಯಲ್ಲಿಯೇ ಆಡಿಸಿ ಬಿಡುತ್ತೇವೆಂಬ ಸಮಾಧಾನ ಬಾಯಿ, ಗಂಟಲು, ಅನ್ನನಾಳಗಳನ್ನು ಕಾಯುವುದಿಲ್ಲ. ಶ್ವಾಸಕೋಶವನ್ನೂ ಪೂರ್ತಿಯಾಗಿ ಕಾಯುವುದಿಲ್ಲ. ಹುಕ್ಕಾದ ನೀರು ಹೊಗೆಯನ್ನು ತಣಿಸುತ್ತದೆಯೇ ಹೊರತು ಅದರ ವಿಷವನ್ನು ಕಳೆಯುವುದಿಲ್ಲ. ಧೂಮನೇತ್ರದ ಮೂರು ಗಂಟುಗಳಿಂದ ಹಿಡಿದು ಪೀಟರ್‌ಸನ್ನನ ಗುಂಡಿಯವರೆಗೆ ಎಲ್ಲ ಜಾಣ್ಮೆಯೂ ಹೊಗೆಯ ಬಿಸಿಯನ್ನು ತೆಗೆಯಲು ದುಡಿಯಿತು. ಹೊಗೆಸೊಪ್ಪಿನ ಕೇಡನ್ನು ತೆಗೆಯುವ ಆಕಾರ ಮಾತ್ರ ಯಾರಿಗೂ ಸಿಕ್ಕಲಿಲ್ಲ. ಸಿಕ್ಕುವಂತೆಯೂ ಇಲ್ಲ. ನಮ್ಮ ರಾಜ್ಯ ಸರಕಾರವು ೨೦೨೪ರ ಫೆಬ್ರವರಿಯಲ್ಲಿ ಹುಕ್ಕಾದ ಮಾರಾಟವನ್ನೂ ಸೇವನೆಯನ್ನೂ ನಿಷೇಧಿಸಿದಾಗ ಕೆಲವರು ಇದು ಪರಂಪರೆಯ ಮೇಲಿನ ಪ್ರಹಾರವೆಂದರು. ಆ ಮಾತನ್ನು ನಾವು ಒಪ್ಪಲಾರೆವು. ಪರಂಪರೆಯಿರುವುದು ಬೀದರಿನ ಕುಶಲಿಯ ಬೆರಳಿನಲ್ಲಿ. ಹಣ್ಣಿನ ವಾಸನೆ ಬೆರೆಸಿ ಕಾಲೇಜಿನ ಹುಡುಗರಿಗೆ ಮಾರುವ ಹೊಗೆಯಲ್ಲಲ್ಲ.

ಆದರೆ ನಿಷೇಧದಿಂದಲೇ ಎಲ್ಲವೂ ನೆಟ್ಟಗಾಯಿತೆಂದು ತಿಳಿಯುವವರು ಜಹಾಂಗೀರನ ಆಜ್ಞೆಯ ಗತಿಯನ್ನು ನೆನೆಯಬೇಕು. ನಿಪ್ಪಾಣಿಯ ಬೀಡಿ ಹೊಗೆಸೊಪ್ಪು, ಹುಣಸೂರು ಪಿರಿಯಾಪಟ್ಟಣಗಳ ಸಿಗರೇಟಿನ ಹೊಗೆಸೊಪ್ಪು ಸಾವಿರಾರು ಒಕ್ಕಲುಗಳ ಅನ್ನ. ನ್ಯಾಯವಾದ ಬೆಲೆಗಾಗಿ ೧೯೮೧ರಲ್ಲಿ ನಿಪ್ಪಾಣಿಯ ರೈತರು ರಸ್ತೆಗಿಳಿದು ಗುಂಡಿಗೆ ಎದೆಯೊಡ್ಡಿದ್ದನ್ನು ನಾಡು ಮರೆಯಬಾರದು. ಬೀಡಿ ಕಟ್ಟುವ ಹೆಂಗಸರು ಸೇದದೆಯೇ ಆ ಧೂಳನ್ನು ಉಸಿರಾಡುತ್ತಾರೆ. ಪೈಪಿನ ಅಂಗಡಿಯಲ್ಲಿ ನಿಂತವನಿಗೆ ಹತ್ತು ಆಕಾರಗಳ ಆಯ್ಕೆಯಿತ್ತು; ಇವರಿಗೆ ಎಷ್ಟು ಆಯ್ಕೆಗಳಿವೆ? ಹೊ‌ಗೆಯನ್ನು ಬಿಡಿ ಎಂದು ಸೇದುವವನಿಗೆ ಹೇಳುವ ಸಮಾಜವು, ಬೆಳೆಯುವವನಿಗೆ ಬೇರೊಂದು ಬೆಳೆಯನ್ನೂ ಅದಕ್ಕೊಂದು ಬೆಲೆಯನ್ನೂ, ಕಟ್ಟುವವಳಿಗೆ ಬೇರೊಂದು ಕೆಲಸವನ್ನೂ ತೋರಿಸುವ ಹೊಣೆಯನ್ನು ಹೊರಲೇಬೇಕು. ಇಲ್ಲದಿದ್ದರೆ ನಮ್ಮ ನೀತಿಬೋಧೆಯೂ ಒಂದು ಬಗೆಯ ಹೊಗೆಯೇ.

ಹಾಗಾದರೆ ಯಾವ ಪೈಪನ್ನು ಆರಿಸಬೇಕು? ಸೇದುವುದಕ್ಕೆಂದು ಕೇಳುವ ತರುಣನಿಗೆ ನಮ್ಮ ಉತ್ತರ, ಯಾವುದೂ ಬೇಡ. ಬಹುಕಾಲದಿಂದ ಕೈಯಲ್ಲಿ ಹಿಡಿದು ಬಂದ ಹಿರಿಯರನ್ನು ಹೀಯಾಳಿಸುವುದು ನಮ್ಮ ಉದ್ದೇಶವಲ್ಲ. ಅವರು ಬಿಟ್ಟರೆ ಸಂತೋಷ, ಬಿಡುವುದಕ್ಕೆ ತಡವಾಯಿತೆಂಬ ಮಾತು ಯಾವ ವಯಸ್ಸಿಗೂ ಸಲ್ಲದು. ನೋಡುವುದಕ್ಕೆಂದು ಕೇಳಿದರೆ ಎಲ್ಲವೂ ಇವೆ. ಮಣ್ಣಿನ ಚೂರಿನಲ್ಲಿ ಬೆಲೆಯ ಏರಿಳಿತವನ್ನು, ಬಿದರಿಯ ಬುರುಡೆಯಲ್ಲಿ ತಾನೇ ನಿಲ್ಲಲು ಕಲಿತ ಆಕಾರವನ್ನು, ಬ್ರಯರಿನ ಗಂಟಿನಲ್ಲಿ ಬರವನ್ನು ತಾಳಿದ ಗಿಡದ ಗಟ್ಟಿತನವನ್ನು, ಹುಲ್ಲಿನ ಕುರ್ಚಿಯ ಮೇಲಿನ ಪೈಪಿನಲ್ಲಿ ಒಬ್ಬ ಕಲಾವಿದನ ಏಕಾಂತವನ್ನು ಕಾಣಬಹುದು. ಒಂದು ವಸ್ತುವನ್ನು ಕೈಗೆತ್ತಿಕೊಳ್ಳುವ ಮೊದಲು ಇದು ನನ್ನ ಅಗತ್ಯಕ್ಕೋ ಇತರರ ನೋಟಕ್ಕೋ ಎಂದು ಕೇಳಿಕೊಳ್ಳುವ ಅಭ್ಯಾಸ ಒಳ್ಳೆಯದು. ಪುಸ್ತಕವನ್ನು ಆರಿಸುವಾಗಲೂ, ಮಾತನ್ನು ಆರಿಸುವಾಗಲೂ, ಬರೆಯಲು ಕೂತಾಗ ಶೈಲಿಯನ್ನು ಆರಿಸುವಾಗಲೂ ಅದೇ ಪ್ರಶ್ನೆ ನಮ್ಮೆದುರಿಗೆ ಬಂದು ನಿಲ್ಲುತ್ತದೆ. ಅದಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಡಬಲ್ಲವನಿಗೆ ಕೈಯಲ್ಲಿ ಪೈಪು ಇರಲಿ ಇಲ್ಲದಿರಲಿ, ವಿಚಾರವಂತನೆಂಬ ಹೆಸರು ತಾನಾಗಿಯೇ ಬರುತ್ತದೆ. ನಮ್ಮ ಭಾಷೆಗೆ ಎರಡು ಚಿಲುಮೆಗಳಿವೆ. ಹೊಗೆಯದನ್ನು ಗಾಜಿನ ಕಪಾಟಿನಲ್ಲಿಟ್ಟು ನೋಡೋಣ, ನೀರಿನದನ್ನು ಸೇದೋಣ.